ಕಲ್ಮನೆಗೆ ಇಟ್ಟ ಇಡುಗಂಟು
(ಡೊಂಬಿವಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಒಂಬತ್ತನೆಯ ಶತಮಾನದ ನಡುಭಾಗದಲ್ಲಿ ಗೌಡ ದೇಶದ, ಅಂದರೆ ಈಗಿನ ಬಂಗಾಳದ ಕಡೆಯ, ಅವಿಘ್ನಾಕರ ಎಂಬ ಬೌದ್ಧ ಗೃಹಸ್ಥನೊಬ್ಬ ಬೋರಿವಲಿ ಬಳಿಯ ಕಾನ್ಹೇರಿಯ ಗುಡ್ಡ ಹತ್ತಿದ. ಅಲ್ಲಿನ ಭಿಕ್ಷುಗಳಿಗೆ ಧ್ಯಾನಕ್ಕೆ ಕೂರುವ ಕೋಣೆಗಳನ್ನು ಮಾಡಿಸಿಕೊಟ್ಟ. ಅವರ ಬಟ್ಟೆಯ ಖರ್ಚಿಗೆಂದು ನೂರು ದ್ರಮ್ಮ ನಾಣ್ಯಗಳ ಇಡುಗಂಟು ಇಟ್ಟ. ದರ್ಬಾರ್ ಗುಹೆ ಎಂದು ಕರೆಯುವ ದೊಡ್ಡ ಗುಹೆಯ ಕಲ್ಲಿನ ಮೇಲೆ ಈ ಸಂಗತಿಯನ್ನು ಕೆತ್ತಿಸಿದ್ದಾರೆ. ಅದರಲ್ಲಿ ಕೊಟ್ಟಿರುವ ವರ್ಷ ಶಕ 775. ದಾನಿಯ ಹೆಸರಿಗೆ ಮೊದಲು ಅಲ್ಲಿ ಇಬ್ಬರು ದೊರೆಗಳ ಹೆಸರುಗಳಿವೆ. ಒಬ್ಬ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಕಪರ್ದಿ. ಇನ್ನೊಬ್ಬ ಅವನ ಒಡೆಯ, ರಾಷ್ಟ್ರಕೂಟ ದೊರೆ ಅಮೋಘವರ್ಷ, ಮಾನ್ಯಖೇಟದ ಅಮೋಘವರ್ಷ, ನಮ್ಮ ಕವಿರಾಜಮಾರ್ಗದ ಅಮೋಘವರ್ಷ.

ಮೂಲಧನಕ್ಕೆ ಕೈಹಚ್ಚದೆ ಬಡ್ಡಿಯಲ್ಲೇ ಕೆಲಸ ನಡೆಸುವ ಈ ಏರ್ಪಾಡನ್ನು ಶಾಸನಗಳು ಅಕ್ಷಯನೀವಿ ಎನ್ನುತ್ತವೆ. ಈ ಸಂಜೆ ನಾವಿಲ್ಲಿ ಸೇರಿರುವುದೂ ಅಂಥದೇ ಏರ್ಪಾಡಿನಿಂದ. ಯಾರೋ ಹಿರಿಯರು ಬ್ಯಾಂಕಿನಲ್ಲಿ ಒಂದಿಷ್ಟು ಹಣ ಇಟ್ಟರು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂದರು. ದತ್ತಿಯ ವೇದಿಕೆಯಲ್ಲಿ ನಿಂತು ಗುಹೆಗಳ ಬಗ್ಗೆ ಮಾತಾಡುವವನಿಗೆ ಇದಕ್ಕಿಂತ ಹತ್ತಿರದ ವಿಷಯ ಸಿಗುವುದಿಲ್ಲ. ಕಾನ್ಹೇರಿ ಸಾವಿರ ವರ್ಷ ಬಾಳಿದ್ದು ಇಂಥ ದತ್ತಿಗಳ ಮೇಲೆ. ಇಂದು ಅದೇ ಗುಹೆಗಳು ಪ್ರವಾಸಿಗರ ಮೇಲೆ ಬಾಳಬೇಕಾಗಿದೆ. ಅಂದಿನ ದಾನಿಗೂ ಇಂದಿನ ಪ್ರವಾಸಿಗನಿಗೂ ನಡುವೆ ಕಡಿದುಹೋಗಿರುವ ಎಳೆ ಯಾವುದು, ಅದನ್ನು ಮತ್ತೆ ಕಟ್ಟಬಹುದೇ ಎಂಬುದಷ್ಟೇ ನನ್ನ ಮಾತಿನ ವಿಷಯ.

ಮೊದಲು ಕಲ್ಲಿನ ವಿಚಾರ. ನಾವು ವಾಸ ಮಾಡುವ ಈ ಸೀಮೆಯೆಲ್ಲ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದ ನೆಲ. ಹೆಚ್ಚಿನ ಕಡೆ ಅದು ಕರಿಯ ಬಸಾಲ್ಟ್. ಕಾನ್ಹೇರಿಯ ಗುಡ್ಡದಲ್ಲಿ ಮಾತ್ರ ಲಾವಾದ ಜೊತೆ ಒಡೆದ ಕಲ್ಲಿನ ಚೂರುಗಳೂ ಸೇರಿ ಹೆಪ್ಪುಗಟ್ಟಿವೆ. ಅಲ್ಲಿನ ಗೋಡೆಗಳ ಮೈ ಒರಟು; ಎಲ್ಲೋರದಲ್ಲಿ ಸಿಗುವ ನಯ ಅಲ್ಲಿಲ್ಲ. ಶತಮಾನಗಳ ಮಳೆಗೆ ಎಷ್ಟೋ ಮೂರ್ತಿಗಳ ಮುಖ ಸವೆದಿದೆ. ಗುಡ್ಡದ ಬೋಳು ಬೆನ್ನಿನ ಮೇಲೆ ನೀರು ಹರಿದ ಜಾಡುಗಳು ನರಗಳ ಹಾಗೆ ಕಾಣುತ್ತವೆ. ಆ ಜಾಡುಗಳಲ್ಲಿ ಕೆಲವು ಪ್ರಕೃತಿಯವು, ಕೆಲವು ಉಳಿಯ ಕೆಲಸ. ಬೆಟ್ಟದ ಮೇಲೆ ಬಿದ್ದ ಮಳೆ ವ್ಯರ್ಥವಾಗಿ ಇಳಿದುಹೋಗದಂತೆ ಕಾಲುವೆ ಕೊರೆದು, ಒಂದೊಂದು ಗುಹೆಯ ಅಂಗಳದ ಪಕ್ಕದಲ್ಲೂ ತೊಟ್ಟಿ ತೋಡಿ, ನೀರನ್ನು ಅಲ್ಲಿಗೆ ಹರಿಸಿದ್ದಾರೆ. ನೂರಕ್ಕೂ ಮೀರಿದ ಗುಹೆಗಳಿರುವ ವಿಹಾರ ನೀರಿಲ್ಲದೆ ಒಂದು ಬೇಸಿಗೆಯನ್ನೂ ದಾಟುತ್ತಿರಲಿಲ್ಲ. ಮಳೆಗಾಲ ಮುಗಿದು ತಿಂಗಳುಗಳಾದ ಮೇಲೂ ಹಲವು ತೊಟ್ಟಿಗಳಲ್ಲಿ ಇವತ್ತಿಗೂ ನೀರು ನಿಂತಿರುತ್ತದೆ.

ಕಾನ್ಹೇರಿಯ ನಿಜವಾದ ಬೆರಗು ಈ ನೀರಿನ ವ್ಯವಸ್ಥೆ ಎಂದು ನಾನು ನಂಬಿದ್ದೇನೆ. ಮೂರನೆಯ ಗುಹೆಯ ಚೈತ್ಯ ಭವ್ಯವಾಗಿದೆ, ಒಳಗೆ ಮೂವತ್ತನಾಲ್ಕು ಕಂಬಗಳಿವೆ, ಮೊಗಸಾಲೆಯ ಎರಡು ತುದಿಗಳಲ್ಲಿ ಸುಮಾರು ಏಳು ಮೀಟರ್ ಎತ್ತರದ ಬುದ್ಧರು ನಿಂತಿದ್ದಾರೆ. ಫೋಟೋ ತೆಗೆಯುವವರೆಲ್ಲ ನಿಲ್ಲುವುದು ಅಲ್ಲೇ. ಆದರೆ ತೊಟ್ಟಿಯ ಪಕ್ಕದ ಗೋಡೆಯ ಬರಹಗಳನ್ನು ಓದಿಸಿಕೊಂಡರೆ ನಮ್ಮ ಊರಿನವರೇ ಎದುರಾಗುತ್ತಾರೆ. ಒಂದು ನೀರಿನ ತೊಟ್ಟಿಯನ್ನು ಕೊಟ್ಟವನು ಕಲ್ಯಾಣದ ಅಕ್ಕಸಾಲಿಗ, ಹೆಸರು ಸ್ವಾಮಿದತ್ತ. ಗುಡ್ಡದ ದಾರಿಯೊಂದನ್ನು ಮಾಡಿಸಿಕೊಟ್ಟವನು ಕಲ್ಯಾಣದ ಕಮ್ಮಾರ ನಂದ. ಸೋಪಾರ, ನಾಸಿಕ, ಚೌಲಗಳ ವರ್ತಕರೂ ದಾನಿಗಳ ಸಾಲಿನಲ್ಲಿದ್ದಾರೆ. ಆಗಿನ ಕಲ್ಯಾಣ ಎಂದರೆ ಗ್ರೀಕ್ ನಾವಿಕನೊಬ್ಬ ಬರೆದ ಪೆರಿಪ್ಲಸ್ ಗ್ರಂಥದಲ್ಲಿ ಹೆಸರಿರುವ ಬಂದರು. ಹಡಗುಗಳಿಂದ ಬಂದ ಹಣದಲ್ಲಿ ಒಂದು ಪಾಲು ಬೆಟ್ಟ ಹತ್ತುತ್ತಿತ್ತು. ಇಂದು ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದ ನಿಮ್ಮಲ್ಲಿ ಎಷ್ಟು ಜನಕ್ಕೆ ಆ ಕಮ್ಮಾರನ ವಿಷಯ ತಿಳಿದಿತ್ತು? ನಮ್ಮ ಶಾಲೆಗಳಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ. ಅದು ನನ್ನನ್ನು ತುಂಬ ಕಾಡುವ ಸಂಗತಿ.

ಗಮನಿಸಿ, ಈ ದಾನಗಳಲ್ಲಿ ಒಂದೂ ‘ಗುಹೆಗಳ ಅಭಿವೃದ್ಧಿಗೆ’ ಎಂಬಂಥ ಮಸುಕು ಮಾತಿನದಲ್ಲ. ತೊಟ್ಟಿ ಎಂದರೆ ತೊಟ್ಟಿ, ದಾರಿ ಎಂದರೆ ದಾರಿ. ಅಮೋಘವರ್ಷನ ಕಾಲದ್ದೇ ಇನ್ನೊಂದು ಶಾಸನ, ಶಕ 765ರದು, ಇನ್ನೂ ಬಿಡಿಬಿಡಿಯಾಗಿ ಹಣ ಹಂಚುತ್ತದೆ: ಬುದ್ಧನ ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಎಂದು ಬೇರೆಬೇರೆ ಬಾಬ್ತು. ದುರಸ್ತಿಗೆಂದು ಪ್ರತ್ಯೇಕ ಹಣ ಇಡುವ ಬುದ್ಧಿ ಒಂಬತ್ತನೆಯ ಶತಮಾನದವರಿಗೆ ಇತ್ತು! ಕಟ್ಟಿಸಿದವನಿಗೆ ಕೀರ್ತಿ ಬರುತ್ತದೆ, ಸೋರುವುದನ್ನು ಮುಚ್ಚಿಸಿದವನಿಗೆ ಬರುವುದಿಲ್ಲ. ಅದನ್ನು ತಿಳಿದೂ ದುರಸ್ತಿಗೆ ಹಣ ಇಟ್ಟವರು ಅವರು.

ನಮ್ಮ ಬಾದಾಮಿಯಲ್ಲೂ ಇದೇ ಕ್ರಮ. ಮರಳುಗಲ್ಲಿನ ಆ ಕೆಂಪು ಬಂಡೆಯಲ್ಲಿ ಮಂಗಲೇಶ ಮೂರನೆಯ ಗುಹೆಯ ವಿಷ್ಣು ಮಂದಿರವನ್ನು ಪೂರೈಸಿದ್ದು ಕ್ರಿ.ಶ. 578ರಲ್ಲಿ. ಅಲ್ಲಿ ಕನ್ನಡದಲ್ಲಿ ಕೆತ್ತಿದ ಚಿಕ್ಕ ಶಾಸನ ಗುಹೆಯನ್ನು ಕಲ್ಮನೆ ಎನ್ನುತ್ತದೆ. ಲಂಜಿಗೇಸರ ಎಂಬ ಊರನ್ನು ಅದಕ್ಕೆ ಬಿಟ್ಟುಕೊಟ್ಟದ್ದನ್ನೂ ಅದರಲ್ಲಿ ಹೂಮಾಲೆ ಕಟ್ಟುವ ಮಾಲೆಗಾರರ ಪಾಲನ್ನೂ ಹೇಳುತ್ತದೆ. ಅರಸನ ಶಾಸನದಲ್ಲಿ ಹೂ ಕಟ್ಟುವವನಿಗೆ ಜಾಗ ಸಿಕ್ಕಿದೆ. ಕಲ್ಲು ಕಡಿದು ಮನೆ ಮಾಡಿದ ಮೇಲೆ ಅದನ್ನು ನಡೆಸುವವರ ಹೊಟ್ಟೆಪಾಡನ್ನೂ ನೋಡಬೇಕು ಎಂಬುದು ಬಾದಾಮಿಗೂ ಗೊತ್ತಿತ್ತು, ಕಾನ್ಹೇರಿಗೂ ಗೊತ್ತಿತ್ತು.

ಇಲ್ಲೊಂದು ಮಾತನ್ನು ಬಿಚ್ಚಿ ಹೇಳಬೇಕು. ಕಾನ್ಹೇರಿಯಲ್ಲಿ ಅಮೋಘವರ್ಷನ ಕಾಲದ ಮೂರು ಶಾಸನಗಳಿವೆ: ಶಕ 765, 775 ಮತ್ತು 799. ಮೊದಲನೆಯದು ಶಿಲಾಹಾರ ಪುಲ್ಲಶಕ್ತಿಯ ಕಾಲದ್ದು, ಉಳಿದೆರಡು ಅವನ ಮಗ ಕಪರ್ದಿಯ ಕಾಲದವು. ಮೂರನೆಯದು ಅಮೋಘವರ್ಷನ ಆಳ್ವಿಕೆಯ ಕೊನೆಯ ವರ್ಷಗಳದು. ಮೂರೂ ಸಂಸ್ಕೃತದಲ್ಲಿವೆ. ಹೀಗಿರುವಾಗ ಕಾನ್ಹೇರಿ ಕನ್ನಡಿಗರದು ಎಂದು ಈ ವೇದಿಕೆಯಿಂದ ಯಾರಾದರೂ ಘೋಷಿಸಿದರೆ ನಾನು ಒಪ್ಪುವುದಿಲ್ಲ. ಅದು ಸಾತವಾಹನರ ಕಾಲದ ಪ್ರಾಕೃತ ಮಾತಾಡಿದವರದು, ಬಂಗಾಳದಿಂದ ಬಂದವನದು, ಕಲ್ಯಾಣದ ಕಮ್ಮಾರನದು. ಆದರೆ ಜೈನ ಧರ್ಮದ ಕಡೆ ಒಲಿದಿದ್ದ ದೊರೆಯೊಬ್ಬನ ರಾಜ್ಯದಲ್ಲಿ, ಶೈವ ಮನೆತನದ ಸಾಮಂತನ ಕೈಕೆಳಗೆ, ಬಂಗಾಳದ ಬೌದ್ಧನೊಬ್ಬ ನಿಶ್ಚಿಂತೆಯಿಂದ ದತ್ತಿ ಇಡಬಲ್ಲವನಾಗಿದ್ದ ಎಂಬುದರಲ್ಲಿ ನಮಗೊಂದು ಹೆಮ್ಮೆಯ ಪಾಲಿದೆ. ಕವಿರಾಜಮಾರ್ಗವನ್ನು ಓದುವಾಗ ಆ ಆಸ್ಥಾನದ ಉದಾರ ಮನಸ್ಸನ್ನು ಕೊಂಡಾಡುತ್ತೇವಲ್ಲ, ಅದಕ್ಕೆ ಕಲ್ಲಿನ ಸಾಕ್ಷಿ ನಮ್ಮ ಮನೆಗಳಿಂದ ಎರಡು ಗಂಟೆಯ ದಾರಿಯಲ್ಲಿದೆ. ಊರಿನಿಂದ ನೆಂಟರು ಬಂದರೆ ಗೇಟ್‌ವೇ ತೋರಿಸುತ್ತೇವೆ, ಎಲಿಫೆಂಟಾಕ್ಕೆ ಲಾಂಚ್ ಹತ್ತಿಸುತ್ತೇವೆ. ದರ್ಬಾರ್ ಗುಹೆಯ ಮುಂದೆ ನಿಲ್ಲಿಸಿ, ಇಲ್ಲಿ ಅಮೋಘವರ್ಷನ ಹೆಸರಿದೆ ನೋಡಿ ಎಂದು ಹೇಳುವ ಮನೆಗಳು ಎಷ್ಟಿವೆ?

ಶಿಲಾಹಾರರ ನಿಷ್ಠೆಯ ಬಗ್ಗೆ ಒಂದು ಮಾತು ಸೇರಿಸದೆ ಮುಂದೆ ಹೋಗಲು ಮನಸ್ಸಿಲ್ಲ. ರಾಷ್ಟ್ರಕೂಟರು 973ರಲ್ಲಿ ಬಿದ್ದರು, ಚಾಲುಕ್ಯ ತೈಲಪ ಗೆದ್ದ. ಅದಾಗಿ ಇಪ್ಪತ್ತನಾಲ್ಕು ವರ್ಷಗಳ ಮೇಲೆ, 997ರಲ್ಲಿ, ಅಪರಾಜಿತ ಎಂಬ ಶಿಲಾಹಾರ ಬರೆಯಿಸಿದ ತಾಮ್ರಪಟ ಭಿವಂಡಿಯ ಸೀಮೆಯಲ್ಲಿ ಸಿಕ್ಕಿದೆ. ಅದರಲ್ಲಿ ಅವನು ತನ್ನ ಹಳೆಯ ಒಡೆಯರ ವಂಶಾವಳಿಯನ್ನು ಮೊದಲು ಹೇಳಿಸಿ, ಆ ರಾಜ್ಯ ಹೋಯಿತಲ್ಲ ಎಂದು ಮರುಗುತ್ತಾನೆ. ಗೆದ್ದವನನ್ನು ಹೊಗಳಿ ಲಾಭ ಪಡೆಯಬಹುದಾಗಿದ್ದ ಹೊತ್ತಿನಲ್ಲಿ ಬಿದ್ದವರನ್ನು ನೆನೆದ ಮನೆತನ ಅದು. ಅವರೇ ಮುಂದೆ ಶ್ರೀಸ್ಥಾನಕವನ್ನು, ಅಂದರೆ ಠಾಣೆಯನ್ನು, ರಾಜಧಾನಿಯನ್ನಾಗಿ ಬೆಳೆಸಿದರು. 1060ರಲ್ಲಿ ಮುಮ್ಮುಣಿಯ ಕಾಲಕ್ಕೆ ಅಂಬರನಾಥದ ಶಿವಾಲಯ ಪೂರ್ಣವಾಯಿತು. ಡೊಂಬಿವಲಿಯಿಂದ ಅದು ಐದು ಸ್ಟೇಷನ್ ಆಚೆ.

ಈಗ ಪ್ರವಾಸಿಗರ ಕಡೆ ಬರೋಣ. ಕಾನ್ಹೇರಿಯಲ್ಲಿ ಹೆಸರು ಕೆತ್ತಿಹೋದ ಪ್ರವಾಸಿಗರು ಇಂದಿನವರಷ್ಟೇ ಅಲ್ಲ. ತೊಂಬತ್ತನೆಯ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲಿ ಮತ್ತು 1021ರಲ್ಲಿ ಬಂದುಹೋದ ಪಾರಸಿಗಳ ತಂಡಗಳು ತಮ್ಮ ಹೆಸರುಗಳನ್ನೂ ಬಂದ ದಿನವನ್ನೂ ಅಲ್ಲಿ ಬರೆಯಿಸಿವೆ. ಈ ಕರಾವಳಿಗೆ ಬಂದು ನೆಲೆಸಿದ ಪಾರಸಿಗಳ ಇತಿಹಾಸಕ್ಕೆ ಅದು ದೊಡ್ಡ ಆಧಾರ. ಹಾಗಾದರೆ ಇಂದು ಮೊಳೆಯಿಂದ ಹೆಸರು ಗೀಚುವ ಹುಡುಗರನ್ನು ಯಾಕೆ ಬೈಯುತ್ತೀರಿ ಎಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಆ ಪಾರಸಿಗಳು ಬರೆಯಿಸಿದ್ದು ಗುಹೆಗಳಲ್ಲಿ ಇನ್ನೂ ಉಸಿರಿದ್ದ ಕಾಲದಲ್ಲಿ. ನಾವು ಇಂಥ ವರ್ಷ, ಇಂಥ ತಿಂಗಳು, ಇಂಥ ದಿನ ಬಂದೆವು ಎಂದು ಆ ಜಾಗಕ್ಕೆ ಮರ್ಯಾದೆ ಸಲ್ಲಿಸಿದ ಬರಹ ಅದು. ಇಂದಿನ ಗೀಚು ಇರುವ ಕೆತ್ತನೆಯ ಮೇಲೇ ಬೀಳುತ್ತದೆ, ಹಿಂದಿನವನ ಮಾತನ್ನು ಅಳಿಸುತ್ತದೆ. ಸಂರಕ್ಷಿತ ಸ್ಮಾರಕಗಳ ಕಾಯ್ದೆಯಲ್ಲಿ ಇದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಆದರೆ ಕಾಯ್ದೆಗಿಂತ ಮೊದಲು ಆ ಹುಡುಗನಿಗೆ ಪಕ್ಕದ ಗೋಡೆಯಲ್ಲಿ ಬರೆದಿರುವುದು ಏನೆಂದು ಯಾರಾದರೂ ಓದಿ ಹೇಳಿದ್ದರೆ ಅವನ ಕೈ ತಡೆಯುತ್ತಿತ್ತು ಎಂದು ನನಗನ್ನಿಸುತ್ತದೆ.

ಗುಹೆಗಳಿರುವ ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಅರಣ್ಯ ಇಲಾಖೆಯ ಟಿಕೆಟ್, ಗುಹೆಗಳ ಬಾಗಿಲಲ್ಲಿ ಪುರಾತತ್ವ ಇಲಾಖೆಯ ಟಿಕೆಟ್. ಎರಡು ಸಲ ಹಣ ಕೊಟ್ಟು ಒಳಗೆ ಹೋಗುತ್ತೇವೆ. ಕೇಂದ್ರ ಪುರಾತತ್ವ ಇಲಾಖೆಯ ಟಿಕೆಟ್ಟಿನ ಹಣ ಗುಹೆಯ ಬಾಗಿಲಲ್ಲಿ ಉಳಿಯುವುದಿಲ್ಲ. ಭಾರತ ಸರ್ಕಾರದ ಸಂಚಿತ ನಿಧಿಗೆ ಸೇರುತ್ತದೆ. ಆಮೇಲೆ ಬಜೆಟ್ಟಿನ ದಾರಿಯಲ್ಲಿ ಎಷ್ಟು ಬಂದೀತೋ ಅಷ್ಟು. ಸರ್ಕಾರದ ಲೆಕ್ಕಕ್ಕೆ ಇದು ಸರಿ ಇರಬಹುದು. ಆದಾಯವಿಲ್ಲದ ಸಣ್ಣ ಸ್ಮಾರಕಗಳೂ ಬದುಕಬೇಕಲ್ಲ. ನನ್ನ ತಕರಾರು ಬೇರೆ. ಸ್ವಾಮಿದತ್ತನಿಗೆ ತನ್ನ ಹಣ ಯಾವ ತೊಟ್ಟಿಗೆ ಹೋಯಿತೆಂದು ಗೊತ್ತಿತ್ತು. ನನಗೆ ನನ್ನ ಟಿಕೆಟ್ಟಿನ ಹಣ ಎಲ್ಲಿಗೆ ಹೋಯಿತೆಂದು ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಅಕ್ಕರೆ ಹುಟ್ಟುವುದಿಲ್ಲ. ಮಳೆಗಾಲದ ಭಾನುವಾರಗಳಲ್ಲಿ ಸಾವಿರಾರು ಜನ ಹೊಳೆ ನೋಡಲು ಬರುತ್ತಾರೆ, ಕುರುಕಲು ಪೊಟ್ಟಣ, ನೀರಿನ ಬಾಟಲಿ ಬಿಟ್ಟುಹೋಗುತ್ತಾರೆ, ಅವು ತೊಟ್ಟಿಗಳಲ್ಲಿ ತೇಲುತ್ತವೆ. ಎರಡು ಸಾವಿರ ವರ್ಷದ ಹಿಂದೆ ಕುಡಿಯುವ ನೀರಿಗೆ ದಾನ ಕೊಟ್ಟ ಜಾಗ ಅದು.

ಒಳ್ಳೆಯದೂ ಆಗಿದೆ. 2022ರ ಬುದ್ಧಪೂರ್ಣಿಮೆಯಂದು ಕಾನ್ಹೇರಿಯಲ್ಲಿ ಪ್ರವಾಸಿ ಸೌಲಭ್ಯಗಳ ಉದ್ಘಾಟನೆ ನಡೆಯಿತು. ಇಂಡಿಯನ್ ಆಯಿಲ್ ಫೌಂಡೇಶನ್ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ ಅದಕ್ಕೆ ಹಣ ಕೊಟ್ಟಿತ್ತು. ಹೆಸರಿಟ್ಟು, ಕೆಲಸ ಹೇಳಿ ಕೊಟ್ಟ ಹಣ ಅದು. ಹಳೆಯ ದಾನಿಗಳ ರೀತಿಗೆ ಹತ್ತಿರವಾದದ್ದು.

ಬೆಟ್ಟಗುಹೆಗಳ ಪ್ರವಾಸೋದ್ಯಮ ಎಂದಾಗ ಜಗತ್ತೆಲ್ಲ ಟರ್ಕಿಯ ಕಪಡೋಕಿಯಾವನ್ನು ಹೆಸರಿಸುತ್ತದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆದು ಕಲ್ಲು, ಗಾಳಿ ಮಳೆಗೆ ಸವೆದು ಶಂಕುಗಳಾದ ಬಂಡೆಗಳು, ಅವುಗಳೊಳಗೆ ಕೊರೆದ ಮನೆ, ಚರ್ಚು, ಈಗ ಹೋಟೆಲು. ಅಲ್ಲಿನ ಬಲೂನುಗಳ ಚಿತ್ರ ನಿಮ್ಮ ಫೋನುಗಳಿಗೂ ಬಂದಿರುತ್ತದೆ. ಆ ಸೀಮೆಯ ಝೆಲ್ವೆ ಎಂಬ ಕಣಿವೆಯಲ್ಲಿ ಗುಹೆಮನೆಗಳಲ್ಲೇ ಬಾಳುತ್ತಿದ್ದ ಜನರನ್ನು ಬಂಡೆ ಕುಸಿಯುವ ಅಪಾಯದಿಂದ 1952ರಲ್ಲಿ ಹೊಸ ಊರಿಗೆ ಸಾಗಿಸಿದರು. ಹಳೆಯ ಊರು ಈಗ ಬಯಲು ಮ್ಯೂಸಿಯಂ. ಅದೇ ವರ್ಷ ಇಟಲಿಯ ಮಾತೇರಾದಲ್ಲಿ ಕಾನೂನು ಮಾಡಿ ಗುಹೆಮನೆಗಳ ಬಡವರನ್ನು ತೆರವುಗೊಳಿಸಿದರು. ದೇಶಕ್ಕೆ ನಾಚಿಕೆ ಎಂದು ಆಗ ಕರೆಸಿಕೊಂಡ ಆ ಮನೆಗಳು 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, 2019ರಲ್ಲಿ ಊರು ಯುರೋಪಿನ ಸಂಸ್ಕೃತಿ ರಾಜಧಾನಿಯಾಯಿತು. ಜನ ಹೊರಗೆ ಹೋದ ಮೇಲೆ ಮನೆಗೆ ಬೆಲೆ ಬಂತು. ಕೊಳಚೆ, ಕಾಯಿಲೆಗಳ ನಡುವೆ ಅವರು ಅಲ್ಲೇ ಇರಬೇಕಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಬೆಲೆ ಬಂದಾಗ ಅದರಲ್ಲಿ ಅವರಿಗೂ ಒಂದು ಪಾಲು ಇರಬೇಕು ಎನ್ನುತ್ತೇನೆ.

ನಮ್ಮ ಹತ್ತಿರದ ಉದಾಹರಣೆ ಘಾರಾಪುರಿ, ಅಂದರೆ ಎಲಿಫೆಂಟಾ. ನವಿ ಮುಂಬಯಿಯ ಕಡೆಯವರಿಗೆ ಉರಣದ ಆಚೆ ಕಾಣುವ ದ್ವೀಪ ಅದು. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದ ಪುರಿ ಎಂಬ ಪಟ್ಟಣವನ್ನು ವರ್ಣಿಸುತ್ತಾನಲ್ಲ, ಅದು ಈ ದ್ವೀಪವೇ ಎಂದು ಹೇಳುವ ವಿದ್ವಾಂಸರಿದ್ದಾರೆ. 1987ರಲ್ಲಿ ಎಲಿಫೆಂಟಾ ಗುಹೆಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಮೂರು ಮುಖದ ಸದಾಶಿವನನ್ನು ನೋಡಿದರು. ರಾಜಬಂದರ್, ಶೇತ್‌ಬಂದರ್, ಮೋರಾಬಂದರ್ ಎಂಬ ಅಲ್ಲಿನ ಮೂರು ಹಳ್ಳಿಗಳಿಗೆ ದಿನವಿಡೀ ವಿದ್ಯುತ್ ಬಂದದ್ದು 2018ರ ಫೆಬ್ರವರಿಯಲ್ಲಿ, ಸಮುದ್ರದ ಅಡಿಯಲ್ಲಿ ಏಳೂವರೆ ಕಿಲೋಮೀಟರ್ ಕೇಬಲ್ ಎಳೆದ ಮೇಲೆ. ಅಲ್ಲಿಯವರೆಗೆ ಡೀಸೆಲ್ ಜನರೇಟರ್ ಸಂಜೆಯ ಕೆಲವು ಗಂಟೆ ಓಡಿದರೆ ಅಷ್ಟೇ ದೀಪ. ಎದುರಿಗೆ ಮುಂಬಯಿಯ ಇಡೀ ದಂಡೆ ಹೊಳೆಯುತ್ತಿರುವಾಗ, ವಿಶ್ವ ಪರಂಪರೆಯ ದ್ವೀಪದ ಮಕ್ಕಳು ಮೂವತ್ತು ವರ್ಷ ಹಾಗೆ ಓದಿದರು. ಪ್ರವಾಸಿಗ ಸಂಜೆಯ ಲಾಂಚಿಗೆ ಮರಳಿಬಿಡುತ್ತಾನೆ, ಆ ಕತ್ತಲೆ ಅವನ ಕಣ್ಣಿಗೆ ಬಿದ್ದೇ ಇಲ್ಲ.

ಕಾನ್ಹೇರಿಯ ಸುತ್ತಲಿನ ಕಾಡಿನಲ್ಲೂ ಜನ ಇದ್ದಾರೆ. ಉದ್ಯಾನದ ಒಳಗೂ ಅಂಚಿನಲ್ಲೂ, ಠಾಣೆಯ ಯೇವೂರಿನ ಕಡೆಯೂ, ವಾರ್ಲಿ ಮತ್ತಿತರ ಆದಿವಾಸಿಗಳ ಪಾಡಾಗಳು, ಅಂದರೆ ಹಾಡಿಗಳು, ಇವೆ. ಅತಿಕ್ರಮಣ ತೆರವಿನ ಮಾತು ಬಂದಾಗಲೆಲ್ಲ ಅವರ ಎದೆ ಡವಡವ ಎನ್ನುತ್ತದೆ. ದಾರಿಬದಿ ಕುಳಿತು ಸೌತೆಕಾಯಿ, ಕಾಡಿನ ಹಣ್ಣು ಮಾರುವ ಹೆಂಗಸರನ್ನು ನೀವು ನೋಡಿರುತ್ತೀರಿ. ಈ ಬೆಟ್ಟದ ಒಂದೊಂದು ಝರಿಯೂ ಅವರಿಗೆ ಗೊತ್ತು. ಅವರ ಮಕ್ಕಳಿಗೆ ಗುಹೆಗಳ ಕಥೆ ಕಲಿಸಿ ಮಾರ್ಗದರ್ಶಕರನ್ನಾಗಿ ಮಾಡುವುದು ಇಷ್ಟು ವರ್ಷ ದೊಡ್ಡ ಪ್ರಮಾಣದಲ್ಲಿ ಯಾಕೆ ಆಗಲಿಲ್ಲ? ಬಾದಾಮಿಯ ಅರಸನಿಗೆ ಮಾಲೆಗಾರನ ನೆನಪಾಗಿತ್ತು.

ಇನ್ನೊಂದು ಗುಹೆಯನ್ನು ಹೆಸರಿಸಬೇಕು: ಲೋನಾಡ. ಕಲ್ಯಾಣಕ್ಕೂ ಭಿವಂಡಿಗೂ ನಡುವೆ, ಗೋದಾಮುಗಳ ಸಾಲಿನ ಹಿಂದಿನ ಗುಡ್ಡದಲ್ಲಿದೆ. ಬೌದ್ಧರು ಕೊರೆದ ಗುಹೆ. ಈಗ ಒಳಗೆ ಖಂಡೇಶ್ವರಿ ದೇವಿಯ ಪೂಜೆ ನಡೆಯುತ್ತದೆ. ಹೊರಗೋಡೆಯಲ್ಲಿ ಅರಸ, ಪರಿವಾರಗಳ ದೊಡ್ಡ ಉಬ್ಬುಶಿಲ್ಪವಿದೆ, ಸವೆದಿದ್ದರೂ ಗಂಭೀರವಾಗಿದೆ. ಅಲ್ಲಿ ಜನಜಂಗುಳಿ ಇಲ್ಲ. ಹಳ್ಳಿಯವರ ದೇವಿ ಇರುವುದರಿಂದಲೇ ಆ ಗುಹೆಗೆ ದಿನವೂ ಕಸ ಗುಡಿಸುವ ಕೈ, ದೀಪ ಇಡುವ ಕೈ ಇದೆ. ಎಣ್ಣೆ, ಕುಂಕುಮಗಳಿಂದ ಕಲ್ಲಿಗೆ ತೊಂದರೆ ಎಂದು ತಜ್ಞರು ಹೇಳುವುದು ನಿಜ. ಯಾರೂ ಕಾಲಿಡದ ಗುಹೆಯ ಗತಿ ಅದಕ್ಕಿಂತ ಕೆಟ್ಟದ್ದು ಎಂಬುದೂ ನಿಜ.

ಕಲ್ಲನ್ನು ಬೇರೆ ರೀತಿಯಲ್ಲೂ ನಾವು ಬಳಸಿದ್ದೇವೆ. ನವಿ ಮುಂಬಯಿ ಎದ್ದದ್ದು ಪಾರ್ಸಿಕ್ ಗುಡ್ಡಸಾಲಿನ ಕ್ವಾರಿಗಳ ಖಡಿಯಿಂದ. ಅಲ್ಲಿ ಸುತ್ತಿಗೆ ಹಿಡಿದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಯ ವಡ್ಡರೂ ಇದ್ದರು. ಅವರ ಬೆವರಿನ ಕಥೆ ನಮ್ಮ ಮುಂಬಯಿ ಕನ್ನಡ ಸಾಹಿತ್ಯದಲ್ಲಿ ಬರಬೇಕಾದಷ್ಟು ಬಂದಿಲ್ಲ. ಈಗ ಠಾಣೆಯಿಂದ ಬೋರಿವಲಿಗೆ ರಾಷ್ಟ್ರೀಯ ಉದ್ಯಾನದ ಅಡಿಯಲ್ಲೇ ಜೋಡಿ ಸುರಂಗ ಬರುತ್ತಿದೆ, 2024ರ ಜುಲೈಯಲ್ಲಿ ಅದಕ್ಕೆ ಭೂಮಿಪೂಜೆ ಆಯಿತು. ಘೋಡ್‌ಬಂದರ್ ರಸ್ತೆಯಲ್ಲಿ ದಿನಾ ಗಂಟೆಗಟ್ಟಲೆ ಕೊಳೆಯುವವರಿಗೆ ಅದರ ಬೆಲೆ ಗೊತ್ತು, ನಾನು ಅದರ ವಿರೋಧಿಯಲ್ಲ. ಅದು ತೆರೆದ ಮೇಲೆ ಠಾಣೆಯವರಿಗೆ ಕಾನ್ಹೇರಿ ಇನ್ನೂ ಹತ್ತಿರವಾಗುತ್ತದೆ, ಜನ ಇನ್ನೂ ಹೆಚ್ಚಾಗುತ್ತಾರೆ. ಅಷ್ಟರೊಳಗೆ ನಾವು ಸಿದ್ಧರಾಗಿರಬೇಕು.

ಹಾಗಾಗಿ ಕೆಲವು ಕೋರಿಕೆಗಳು. ಮಳೆ ನಿಂತ ಮೇಲೆ, ಬಿಸಿಲು ಬಲಿಯುವ ಮುಂಚೆ, ವರ್ಷಕ್ಕೊಮ್ಮೆ ಈ ಸಂಘದ ಮಕ್ಕಳು, ಹಿರಿಯರು ಕಾನ್ಹೇರಿಗೆ ಹೋಗಬೇಕು. ಸೋಮವಾರ ಉದ್ಯಾನಕ್ಕೆ ರಜೆ ಎಂಬುದು ನೆನಪಿರಲಿ. ಹೋಗುವ ಮುಂಚೆ ಒಂದು ಕಿರುಪುಸ್ತಕ ಕೈಯಲ್ಲಿರಬೇಕು: ಅಮೋಘವರ್ಷನ ಕಾಲದ ಮೂರು ಶಾಸನಗಳ ಕನ್ನಡ ತಾತ್ಪರ್ಯ, ಕಲ್ಯಾಣದ ದಾನಿಗಳ ಹೆಸರು, ತೊಟ್ಟಿಗಳ ನಕ್ಷೆ. ಶಿಲಾಹಾರರ ಶಾಸನಗಳನ್ನೆಲ್ಲ ವಾ. ವಿ. ಮಿರಾಶಿಯವರು ಸಂಪಾದಿಸಿ 1977ರಲ್ಲಿ ಪ್ರಕಟಿಸಿದ್ದಾರೆ. ಕಾನ್ಹೇರಿಯ ಶಾಸನಗಳ ಮೇಲೆ ಶೋಭನಾ ಗೋಖಲೆಯವರು ಜೀವಮಾನದ ಕೆಲಸ ಮಾಡಿದ್ದಾರೆ. ಅವರಿಬ್ಬರ ಋಣ ಹೇಳಿ ನಾವು ಕನ್ನಡದಲ್ಲಿ ಬರೆದರೆ ಸಾಕು. ಪುಸ್ತಕವನ್ನು ಮರಾಠಿಯಲ್ಲೂ ಅಚ್ಚು ಹಾಕಿಸಿ, ಪಾಡಾಗಳ ಶಾಲೆಗಳಿಗೆ ಉಚಿತವಾಗಿ ಕೊಡಬೇಕು.

ಇನ್ನು ಹಣದ ಮಾತು. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಡುವ ದಾನಿ ತನ್ನ ಹಣ ಯಾವ ಸ್ಮಾರಕದ ಯಾವ ಕೆಲಸಕ್ಕೆ ಎಂದು ಸೂಚಿಸಬಹುದು. ದೊಡ್ಡ ಕಂಪನಿಗಳಿಗಷ್ಟೇ ಅದು ಮೀಸಲಲ್ಲ. ಸಂರಕ್ಷಿತ ಸ್ಮಾರಕದ ಕಲ್ಲಿಗೆ ನಾವೇ ಕೈಹಾಕುವಂತಿಲ್ಲ, ಹಾಕಲೂಬಾರದು. ಆ ಕೆಲಸ ಇಲಾಖೆಯ ತಿಳಿದವರದು. ನಾವು ಮಾಡಬಹುದಾದ್ದು ಕಾನ್ಹೇರಿಯ ಹೆಸರಿನಲ್ಲಿ ಒಂದು ಹೊಸ ದತ್ತಿಯನ್ನು ಇಟ್ಟು, ವರ್ಷವರ್ಷದ ಬಡ್ಡಿಯನ್ನು ಒಂದೇ ಬಾಬ್ತಿಗೆ ಕೊಡುವುದು. ಆ ಬಾಬ್ತು ನೀರಿನ ತೊಟ್ಟಿಗಳ ಶುಚಿತ್ವವಾಗಲಿ ಎಂದು ನನ್ನ ಆಸೆ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಪುರಾತತ್ವ ಇಲಾಖೆಯ ಮುಂಬಯಿ ವಲಯದ ಕಚೇರಿ ಸಯನ್ ಕೋಟೆಯ ಬಳಿ ಇದೆ. ಮೊದಲ ಪತ್ರ ಅಲ್ಲಿಗೆ ಹೋಗಲಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಈ ಉಪನ್ಯಾಸಕ್ಕೆ ನನಗೆ ಕೊಡಲಿರುವ ಗೌರವಧನವನ್ನು ಆ ಇಡುಗಂಟಿಗೆ ಮೊದಲ ಕಾಣಿಕೆಯಾಗಿ ಸೇರಿಸಿಕೊಳ್ಳಿ.